ಕೀಲಿಕೈ ಯಾರ ಕಡೆ ಇತ್ತು?

ನಮ್ಮಪ್ಪನ ಆಫೀಸಿನ್ಯಾಗ ಒಂದು ಕರೀ ಟೆಲಿಫೋನ್ ಇತ್ತು. ಅದರ ತಿರುಗೋ ಡಯಲ್‌ನ ಒಂದು ತೂತಿಗೆ ಸಣ್ಣ ಹಿತ್ತಾಳಿ ಕೀಲಿ ಹಾಕಿರ್ತಿದ್ರು. ಹೊರಗಿನವರು ಫೋನ್ ಮಾಡಿದ್ರ ಎತ್ತಿ ಮಾತಾಡಬಹುದು, ಇಲ್ಲಿಂದ ಯಾರಿಗೂ ಹಚ್ಚಲಿಕ್ಕೆ ಬರ್ತಿದ್ದಿಲ್ಲ. ಕೀಲಿಕೈ ಹೆಡ್ ಕ್ಲಾರ್ಕರ ಜನಿವಾರಕ್ಕ ಕಟ್ಟಿತ್ತು. ಯಾರಿಗೆ ಫೋನು, ಎಷ್ಟು ಹೊತ್ತು, ಯಾತರ ಸಲುವಾಗಿ ಅಂತ ಅವರಿಗೆ ಹೇಳಬೇಕು. ಮನಸ್ಸಿಗೆ ಬಂದ್ರ ಕೀಲಿ ತೆಗೀತಿದ್ರು, ಇಲ್ಲಾಂದ್ರ "ನಾಳೆ ಬಾ" ಅಂತಿದ್ರು.

ಅಲ್ಲಿಯ ಸಿಪಾಯಿ ಅದಕ್ಕೊಂದು ಉಪಾಯ ಕಂಡುಹಿಡಿದಿದ್ದ. ರಿಸೀವರ್ ಇಡೋ ಗುಂಡಿಯನ್ನ ಬೆರಳಿಲೆ ಟಕ್ ಟಕ್ ಅಂತ ಒತ್ತೋದು. ಮೂರಕ್ಕ ಮೂರು ಸರ್ತಿ, ಸೊನ್ನೆಗೆ ಹತ್ತು ಸರ್ತಿ. ಡಯಲ್ ತಿರುಗಿಸಿದಾಗ ತಂತಿಯೊಳಗ ಆಗೋದೂ ಅದ, ಕರೆಂಟು ಅಷ್ಟು ಸರ್ತಿ ಕಡಿದು ಕೂಡ್ತದ. ಕೀಲಿ ಇರೋದು ಡಯಲ್‌ಗೆ, ತಂತಿಗೆ ಅಲ್ಲ. ಅಪ್ಪ ಇದನ್ನ ಊಟಕ್ಕ ಕೂತಾಗ ಹೇಳಿ ಹೇಳಿ ನಗ್ತಿದ್ದ. ಆದ್ರ ತಾನು ಒಂದು ದಿನಾನೂ ಹಂಗ ಮಾಡಲಿಲ್ಲ. "ಕೇಳಿದ್ರ ಕೊಡ್ತಾರ, ಕೊಡಲಿಲ್ಲಂದ್ರ ಯಾರು ಕೊಡಲಿಲ್ಲ ಅಂತರ ಗೊತ್ತಿರ್ತದ" ಅಂತಿದ್ದ.

ಆ ಮಾತಿನ ಅರ್ಥ ನನಗ ಆದದ್ದು ಮುಂದ ಎಷ್ಟೋ ವರ್ಷಕ್ಕ, ಬೆಂಗಳೂರಿನ್ಯಾಗ ನಾನ ಒಂದು ಆಫೀಸಿನ ಕಂಪ್ಯೂಟರ್ ಮುಂದ ಕೂತಾಗ.

ನಮ್ಮಣ್ಣ ಅಮೇರಿಕಾದಾಗ ಇರ್ತಾನ. 2005ರಾಗ ಅಂವ ಕನ್ನಡದಾಗ ಬ್ಲಾಗ್ ಬರೀಲಿಕ್ಕೆ ಶುರು ಮಾಡಿದಾ. ಅಜ್ಜನ ಮನಿ, ಪಡಸಾಲಿ, ದೀಪಾವಳಿ ಆರತಿ, ಬ್ಯಾಸಿಗ್ಯಾಗ ಮಾಳಿಗಿ ಮ್ಯಾಲೆ ಹಾಸಿಗಿ, ಇಂಥಾವ. ಅಪ್ಪ ಹೋದ ಮ್ಯಾಲೆ ಅವ್ವ ನನ್ನ ಕಡೆ ಬಂದು ಇದ್ಲು. ಮನ್ಯಾಗ ಕಂಪ್ಯೂಟರ್ ಇದ್ದಿಲ್ಲ. ನಾನು ಮಧ್ಯಾಹ್ನ ಊಟದ ಹೊತ್ತಿನ್ಯಾಗ ಅಣ್ಣನ ಬರಹ ತೆಗೆದು, ಹಾಳಿ ಮ್ಯಾಲೆ ಪ್ರಿಂಟ್ ತೆಗೆದು, ಸಂಜಿಗೆ ಒಯ್ತಿದ್ದೆ. ಅವ್ವ ಚಷ್ಮಾ ಹಾಕ್ಕೊಂಡು, ಬಾಗಲದ ಬೆಳಕಿಗೆ ಕೂತು, ಎರಡೆರಡು ಸರ್ತಿ ಓದ್ತಿದ್ಲು. ತಪ್ಪು ಕಂಡ್ರ ಪೆನ್ಸಿಲ್‌ಲೆ ಗೆರಿ ಹೊಡೀತಿದ್ಲು. ಆಮ್ಯಾಲೆ ಐತವಾರ ಅಂವ ಫೋನ್ ಮಾಡಿದಾಗ ಜಗಳಾ.

ಆವಾಗ ಕನ್ನಡ ಓದೋದೂ ಅಷ್ಟು ಸಸಾರ ಇದ್ದಿಲ್ಲ. ವಿಂಡೋಸ್ ಎಕ್ಸ್‌ಪಿ ಒಳಗ ತುಂಗಾ ಅನ್ನೋ ಕನ್ನಡ ಫಾಂಟ್ ಇತ್ತು. ಆದ್ರ ಒತ್ತಕ್ಷರ, ಕೊಂಬು, ದೀರ್ಘ ಸರಿಯಾಗಿ ಕೂಡಬೇಕಂದ್ರ ಸೆಟ್ಟಿಂಗ್‌ನ್ಯಾಗ ಒಂದು ಟಿಕ್ ಹಾಕಿ, ವಿಂಡೋಸ್ ಸಿಡಿ ಹಾಕಿ, ಮತ್ತ ಕೆಲವು ಫೈಲು ಇಳಿಸಬೇಕಿತ್ತು. ಆಫೀಸಿನ ಸಿಸ್ಟಮ್ ನೋಡ್ಕೊಳ್ಳೋ ಹುಡುಗನ್ನ ಕಾಡಿ ಬೇಡಿ ಅದನ್ನ ಮಾಡಿಸಿಕೊಂಡಿದ್ದೆ.

ಹಿಂಗ ಒಂದು ವರ್ಷ ನಡೀತು. 2006ರ ಜುಲೈದಾಗ ಒಂದು ದಿನ ಪುಟ ತೆರೀಲಿಲ್ಲ.

ಮದಲು ನನಗ ಆಫೀಸಿನವರ ಬಂದ್ ಮಾಡ್ಯಾರ ಅನ್ನಿಸ್ತು. ದಿನಾ ಪ್ರಿಂಟ್ ತೆಗ್ಯೋದು ಯಾರರ ನೋಡಿರಬೇಕು ಅಂತ ಅಂಜಿಕಿ. ಎರಡು ದಿನ ಯಾರಿಗೂ ಕೇಳಲಿಲ್ಲ. ಮೂರನೇ ದಿನ ಬಾಜೂಕಿನಾಕಿ "ನನಗೂ ಯಾವ ಬ್ಲಾಗೂ ತೆರೀವಲ್ದು" ಅಂದ್ಲು. ಸಂಜಿಗೆ ಓಣ್ಯಾಗಿನ ಸೈಬರ್ ಕೆಫೆಗೆ ಹೋಗಿ ನೋಡಿದೆ. ಅಲ್ಲೂ ಇಲ್ಲ.

ಖರೆ ಆಗಿದ್ದೇನಂದ್ರ, 2006ರ ಜುಲೈ 11ಕ್ಕ ಮುಂಬಯಿ ಲೋಕಲ್ ರೈಲಿನ್ಯಾಗ ಬಾಂಬ್ ಸಿಡಿದು ನೂರಾರು ಮಂದಿ ಸತ್ತಿದ್ರು. ಅದಾಗಿ ಎರಡ ದಿನಕ್ಕ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕೊಡೋ ಕಂಪನಿಗಳಿಗೆ ಒಂದು ಪಟ್ಟಿ ಕಳಿಸ್ತು. ಇಪ್ಪತ್ತರ ಆಸುಪಾಸಿನಷ್ಟು ತಾಣ, ಪುಟ ಇದ್ವು, ಅವನ್ನ ಬಂದ್ ಮಾಡ್ರಿ ಅಂತ. ಅದರಾಗ ಕೆಲವು ಬ್ಲಾಗೂ ಇದ್ವು. ಕಂಪನಿಯವರು ಆ ಕೆಲವು ಬ್ಲಾಗ್ ಅಷ್ಟ ತಡೀಲಿಲ್ಲ, ಬ್ಲಾಗ್‌ಸ್ಪಾಟ್, ಟೈಪ್‌ಪ್ಯಾಡ್, ಜಿಯೋಸಿಟೀಸ್ ಇಡೀ ಇಡೀ ಬಂದ್ ಮಾಡಿದ್ರು. ಯಾಕಂದ್ರ ಸಾವಿರಾರು ಬ್ಲಾಗ್ ಒಂದ ಯಜಮಾನನ ಮನ್ಯಾಗ ಇದ್ದಂಗ, ಬೀದಿ ಬಾಗಲಾ ಒಂದ. ಒಳಗಿನ ಒಂದು ಖೋಲಿಗೆ ಕೀಲಿ ಹಾಕೋದಕ್ಕಿಂತ ಬೀದಿ ಬಾಗಲಕ್ಕ ಹಾಕೋದು ಸಸಾರ. ನಮ್ಮಣ್ಣನ ದೀಪಾವಳಿ ಆರತಿ ಒಳಗ ಸಿಕ್ಕೊಂತು.

ಇದು ಮದಲನೇ ಸರ್ತಿನೂ ಅಲ್ಲ. 2003ರಾಗ ಮೇಘಾಲಯದ ಬಂಡಾಯದವರಿಗೆ ಸಂಬಂಧಪಟ್ಟ 'ಕಿನ್ಹುನ್' ಅನ್ನೋ ಒಂದು ಯಾಹೂ ಗುಂಪನ್ನ ತಡೀರಿ ಅಂತ ಆದೇಶ ಬಂದಾಗ, ಯಾಹೂ ಗ್ರೂಪ್ಸ್ ಪೂರ್ತಿ ದೇಶದಾಗ ಕೆಲವು ದಿನ ಬಂದ್ ಆಗಿತ್ತು. ಪಾಕಿಸ್ತಾನದಾಗೂ ಹಿಂಗ. 2006ರ ಶುರುವಿನ್ಯಾಗ ಡೆನ್ಮಾರ್ಕಿನ ವ್ಯಂಗ್ಯಚಿತ್ರದ ಗದ್ದಲದಾಗ ಅಲ್ಲಿಯ ಸರ್ಕಾರ ಕೆಲವು ಪುಟ ತಡೀಲಿಕ್ಕೆ ಹೋಗಿ ಬ್ಲಾಗ್‌ಸ್ಪಾಟ್ ಎಲ್ಲಾ ಬಂದ್ ಮಾಡಿತ್ತು. ಆವಾಗ ಅಲ್ಲಿಯ ಮಂದಿ ಸಲುವಾಗಿ 'ಪಿಕೆಬ್ಲಾಗ್ಸ್' ಅಂತ ಒಂದು ಹಿತ್ತಲ ಬಾಗಲಾ ತಯಾರಾಗಿತ್ತು. ಬ್ಲಾಗಿನ ಹೆಸರು ಅದಕ್ಕ ಕೊಟ್ರ ತಾನ ಹೋಗಿ ಪುಟ ತಂದು ತೋರಸ್ತಿತ್ತು. ಜುಲೈದಾಗ ನಮ್ಮ ದೇಶದವರೂ ಅದ ಬಾಗಲದಿಂದ ಓಡಾಡಿದ್ರು. ಪಾಕಿಸ್ತಾನದವರ ಸಲುವಾಗಿ ಮಾಡಿದ ಬಾಗಲಾ ನಮಗ ಉಪಯೋಗ ಬಿತ್ತು ಅಂತ ಬಾಜೂಕಿನಾಕಿ ನಕ್ಕೊಂತ ಹೇಳಿದ್ಲು. ಆಕಿ ಹೇಳೋದ್ರಾಗ ತಡೆಯೂ ತೆರವಾತು. ಪಟ್ಟಿಯೊಳಗಿನದಷ್ಟ ತಡೀರಿ, ಉಳಿದದ್ದು ಬಿಡ್ರಿ ಅಂತ ಇಲಾಖೆ ಮತ್ತ ಹೇಳ್ತು. ಒಂದು ವಾರದ ಮಾತು.

ಆ ವಾರ ಅವ್ವ ದಿನಾ ಸಂಜಿಗೆ ಕೇಳ್ತಿದ್ಲು, "ಯಾಕವಾ, ಇವತ್ತೂ ಹಾಳಿ ತರಲಿಲ್ಲೇನು?"

"ಇಲ್ಲವ್ವಾ, ಸರ್ಕಾರದವರು ಬಂದ್ ಮಾಡ್ಯಾರ."

"ನಮ್ಮ ಮಾಧುಂದು ಸರ್ಕಾರದವರಿಗೆ ಏನು ತ್ರಾಸ ಆತು? ಅಂವ ಹಗೇವಿಂದು ಬರೀತೀನಿ ಅಂದಿದ್ದ."

ನನ್ನ ಕಡೆ ಉತ್ತರ ಇದ್ದಿಲ್ಲ. ಅವರು ಓದೇ ಇಲ್ಲ ಅವ್ವಾ ಅಂತ ಹೇಳಿದೆ. ಅಕಿಗೆ ಅದು ತಿಳೀಲಿಲ್ಲ. ಓದದನ ಬ್ಯಾಡ ಅನ್ನೋದು ಹೆಂಗ?

ಈ ಪ್ರಶ್ನೆಯ ಇತಿಹಾಸ ನೋಡಬೇಕಂದ್ರ ಸ್ವಲ್ಪ ಹಿಂದ ಹೋಗಬೇಕು. ಮಕ್ಕಳು ಹೊಲಸು ಪುಟ ನೋಡಬಾರದು ಅಂತ ಅಮೇರಿಕಾದಾಗ 1995ರಾಗ ಸರ್ಫ್‌ವಾಚ್ ಅಂತ ಒಂದು ಸಾಫ್ಟ್‌ವೇರ್ ಬಂತು. ಅದರ ಹಿಂದ ಮುಂದ ಅಂಥಾವ ಇನ್ನೂ ಕೆಲವು ಬಂದ್ವು. ಅದಕ್ಕ ಫಿಲ್ಟರ್ ಅಂದ್ರು. ನಮ್ಮ ಮನಿ ಮಾತಿನ್ಯಾಗ ಸಾಣಗಿ. ಆದ್ರ ಸಾಣಗಿ ಕೆಲಸ ಮಾಡೋದು ತೂತಿನ ಅಳತಿ ಮ್ಯಾಲೆ, ಹಿಟ್ಟು ಕೆಳಗ ಬೀಳ್ತದ, ತೌಡು ಮ್ಯಾಲೆ ಉಳೀತದ. ಅದಕ್ಕ ಜ್ವಾಳ, ಗೋದಿ ಅಂತ ತಿಳಿಯೋ ಗರಜ ಇಲ್ಲ. ಮಾತನ್ನ ಹಂಗ ಸಾಣಿಸಲಿಕ್ಕೆ ಬರೂದಿಲ್ಲ. ಮಾತು ಹಸನ ಮಾಡಬೇಕಂದ್ರ ಮರದಾಗ ಹಾಕ್ಕೊಂಡು, ಕಣ್ಣಿಲೆ ನೋಡಿ, ಕೈಲೆ ಹಳ್ಳು ಆರಿಸಿ ತೆಗೀಬೇಕು. ಅದಕ್ಕ ಮನುಷ್ಯಾ ಬೇಕು.

1996ರ ಫೆಬ್ರುವರಿಯೊಳಗ ಸರ್ಫ್‌ವಾಚ್ ಅಮೇರಿಕಾದ ಶ್ವೇತಭವನದ್ದ ಒಂದು ಪುಟ ತಡೀತು. ಆ ಪುಟದಾಗ ಇದ್ದದ್ದು ಅಧ್ಯಕ್ಷ ಕ್ಲಿಂಟನ್ ದಂಪತಿ, ಉಪಾಧ್ಯಕ್ಷ ಗೋರ್ ದಂಪತಿ ಬಗ್ಗೆ. ಪುಟದ ವಿಳಾಸದಾಗ ಇಂಗ್ಲಿಷಿನ 'ಕಪಲ್ಸ್' ಶಬ್ದ ಇತ್ತು. ಗಂಡ ಹೆಂಡ್ತಿ ಅಂದ ಕೂಡಲೆ ಸಾಫ್ಟ್‌ವೇರ್‌ಗೆ ಬ್ಯಾರೆ ಅರ್ಥ ಬಂತು! ಅದ ವರ್ಷ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಸ್ಕನ್‌ಥಾರ್ಪ್ ಅನ್ನೋ ಊರಿನವರು ಎಒಎಲ್ ಕಂಪನಿಯೊಳಗ ಖಾತೆ ತೆರೀಲಿಕ್ಕೆ ಹೋದ್ರ ಆಗಲೇ ಇಲ್ಲ. ಊರ ಹೆಸರಿನ ಒಳಗಿನ ನಾಲ್ಕು ಅಕ್ಷರ ಅಷ್ಟ ಹೆಕ್ಕಿ ಓದಿದ್ರ ಇಂಗ್ಲಿಷಿನ್ಯಾಗ ಒಂದು ಹೊಲಸು ಬೈಗಳ ಆಗ್ತದ. ಊರು ಹಳೇದು, ಬೈಗಳ ನೋಡಿ ಯಾರೂ ಹೆಸರಿಟ್ಟಿರಲಿಲ್ಲ. ಈಗಲೂ ಕಂಪ್ಯೂಟರ್ ಓದಿದವರು ಇಂಥಾ ತಪ್ಪಿಗೆ 'ಸ್ಕನ್‌ಥಾರ್ಪ್ ಸಮಸ್ಯೆ' ಅಂತನ ಅಂತಾರ.

ಶಬ್ದ ನೋಡಿ ತಡೆಯೋದು ಹಿಂಗ ನಗೆಪಾಟಲು ಆದದ್ದಕ್ಕ, ಫಿಲ್ಟರ್ ಮಾಡೋವರು ಪಟ್ಟಿ ಮ್ಯಾಲೆ ಹೆಚ್ಚು ಜೋರು ಕೊಟ್ರು. ಲಕ್ಷಗಟ್ಟಲೆ ತಾಣಗಳನ್ನ ವರ್ಗ ಮಾಡಿ ಇಡೋದು: ಸುದ್ದಿ, ಆಟ, ಜೂಜು, ಬ್ಯಾಂಕು, ಬ್ಲಾಗು ಹಿಂಗ. ಮಕ್ಕಳ ಸಲುವಾಗಿ ಹುಟ್ಟಿದ್ದು ಆಫೀಸಿಗೆ ಬಂತು. ಆಫೀಸಿನ ಎಲ್ಲಾ ಕಂಪ್ಯೂಟರಿನ ಮಾತು ಒಂದ ಯಂತ್ರದ ಮುಂದ ಹಾದು ಹೊರಗ ಹೋಗ್ತದ. ನೀವು ಒಂದು ವಿಳಾಸ ಕೇಳಿದ್ರ ಯಂತ್ರ ಪಟ್ಟಿ ನೋಡ್ತದ. ಆ ವರ್ಗಕ್ಕ ಆಫೀಸಿನವರು ಟಿಕ್ ಹಾಕಿದ್ರ ಪುಟ ಬರ್ತದ, ಇಲ್ಲಾಂದ್ರ ತಡೀತದ. ಪಟ್ಟಿ ಮಾಡೋವರು ಎಲ್ಲೋ ಸಮುದ್ರದ ಆಚೆ. ಟಿಕ್ ಹಾಕೋವರು ಇಲ್ಲೆ. ನಡುವ ಪುಟ ಓದೋವರು ಯಾರೂ ಇಲ್ಲ.

ಕನ್ನಡದ ಮಟ್ಟಿಗೆ ಇದು ಇನ್ನೂ ಒಂದು ಕೈ ಹೆಚ್ಚು. ಬ್ಲಾಗರ್ 1999ರಾಗ ಸ್ಯಾನ್ ಫ್ರಾನ್ಸಿಸ್ಕೋದಾಗ ಹುಟ್ಟಿದ್ದು, 2003ರಾಗ ಗೂಗಲ್ ಅದನ್ನ ಕೊಂಡ್ಕೊಂತು. ಇಂಗ್ಲಿಷಿನ್ಯಾಗ ಬರದ್ರ ಅದು ತಲೆಬರಹವನ್ನ ಪುಟದ ವಿಳಾಸದಾಗ ಸೇರಸ್ತಿತ್ತು, ನೋಡಿದ ಕೂಡಲೆ ಯಾತರ ಬಗ್ಗೆ ಅಂತ ತಿಳೀತಿತ್ತು. ಕನ್ನಡದ ತಲೆಬರಹ ಕೊಟ್ರ ಅದಕ್ಕ ತಿಳೀತಿದ್ದಿಲ್ಲ. ಬರೇ 'ಬ್ಲಾಗ್-ಪೋಸ್ಟ್' ಅಂತ ಬರದು, ಮುಂದ ಒಂದು ಅಂಕಿ ಹಚ್ಚಿ ಬಿಡ್ತಿತ್ತು. ಅಜ್ಜನ ಮನಿನೂ ಅದ, ಆರತಿನೂ ಅದ, ಹಗೇವೂ ಅದ. ಹೊರಗ ನಿಂತು ನೋಡೋವರಿಗೆ ನಮ್ಮಣ್ಣನ ಎಲ್ಲಾ ಬರಹಕ್ಕೂ ಒಂದ ಹೆಸರು. ಯಂತ್ರ ಓದಬೇಕು ಅಂದ್ರೂ ಓದಲಿಕ್ಕೆ ಅಲ್ಲೆ ಏನೂ ಇದ್ದಿಲ್ಲ.

2008ರಾಗ ನಮ್ಮ ಆಫೀಸಿಗೂ ಫಿಲ್ಟರ್ ಬಂತು. ಮುಂಜಾನೆ ಪುಟ ತೆಗದ್ರ ಕೆಂಪು ಪಟ್ಟಿ: ಇದು ಸಂಸ್ಥೆಯ ನೀತಿಗೆ ವಿರುದ್ಧ, ವರ್ಗ ಬ್ಲಾಗು ಮತ್ತು ವೈಯಕ್ತಿಕ ತಾಣ. ಈ ಸರ್ತಿ ದೇಶಕ್ಕಲ್ಲ, ನಮಗಷ್ಟ.

ಮಂದಿ ತಮ್ಮ ತಮ್ಮ ಉಪಾಯ ಹೂಡಿದ್ರು. ಕೆಲವರು ಗೂಗಲ್ ತನ್ನ ಕಡೆ ಇಟ್ಕೊಂಡ ನಕಲು ಪುಟ ಓದ್ತಿದ್ರು. ಕೆಲವರು 2005ರಾಗ ಬಂದಿದ್ದ ಗೂಗಲ್ ರೀಡರ್ ಒಳಗ ಬ್ಲಾಗಿನ ಫೀಡ್ ಹಾಕ್ಕೊಂಡ್ರು. ಯಂತ್ರಕ್ಕ ಕಾಣೋದು ಗೂಗಲ್ ವಿಳಾಸ, ಒಳಗ ಬರೋದು ಬ್ಲಾಗು. ಸಿಪಾಯಿ ಗುಂಡಿ ಒತ್ತಿದಂಗನ. ಇನ್ನೂ ಕೆಲವರು ಪುಕಟ ಪ್ರಾಕ್ಸಿ ತಾಣಗಳಿಗೆ ಹೋದ್ರು. ಅದು ಅಪಾಯದ ದಾರಿ. ಆ ತಾಣದವರು ನಡುವ ಕೂತಿರ್ತಾರ, ನೀವು ಅದರ ಮೂಲಕ ಏನು ಟೈಪ್ ಮಾಡಿದ್ರೂ ಅವರಿಗೆ ಕಾಣಸ್ತದ. ನಮ್ಮ ಜೋಡಿ ಇದ್ದ ಒಬ್ಬಾಕಿ ಹಂಗ ಮೇಲ್ ಪಾಸ್‌ವರ್ಡ್ ಕೊಟ್ಟು, ಮುಂದಿನ ವಾರ ಆಕಿ ಹೆಸರಿಲೆ ಎಲ್ಲಾರಿಗೂ ಏನೇನೋ ಮೇಲ್ ಹೋದ್ವು. ಅಳ್ಕೊಂತ ಕೂತಿದ್ಲು.

ನನಗ ಅಪ್ಪನ ಮಾತು ನೆನಪಾತು. ಕೇಳೋಣ ಅಂತ ಸಿಸ್ಟಮ್ ರೂಮಿಗೆ ಹೋದೆ. ಹೊಸಾ ಹುಡುಗ, ಮಂಡ್ಯ ಕಡೆಯಂವ.

"ಮೇಡಂ, ನಾನು ಬಂದ್ ಮಾಡಿಲ್ಲ. ಪಟ್ಟಿ ಅವರ ಕಡೆಯಿಂದ ಬರುತ್ತೆ, ನಾನು ಬರೀ ಟಿಕ್ ಹಾಕೋದು. ಇಡೀ ಆಫೀಸಿಗೆ ಇರೋದು ಒಂದೇ ಲೈನು. ಎಲ್ಲಾರೂ ವಿಡಿಯೋ ನೋಡ್ತಾ ಕೂತ್ರೆ ಕೆಲಸದ ಫೈಲ್ ಹೋಗಲ್ಲ."

ಅಂವ ಹೇಳೋದೂ ಸುಳ್ಳಲ್ಲ. ಲೈನು ಆಫೀಸಿಂದು, ಹೊತ್ತು ಆಫೀಸಿಂದು, ಹಾಳಿನೂ ಆಫೀಸಿಂದು. ಹಾಳಿ ಮಾತು ಬಂದ್ರ ಅವ್ವ ನನಗ ಮದಲ ಕೇಳಿದ್ಲು, "ಇವಕ್ಕ ರೊಕ್ಕಾ ಕೊಡ್ತೀ ಹೌದಲ್ಲೋ?" ಅವತ್ತಿನಿಂದ ನಾನು ನನ್ನ ಹಾಳಿ ಕಟ್ಟು ನಾನ ತಂದು ಇಟ್ಟಿದ್ದೆ. ಇಂಕಿನ ಲೆಕ್ಕ ಮಾತ್ರ ಬಾಕಿ ಅದ ಅಂತ ಒಪ್ಪಿಕೋತೀನಿ.

"ತಮ್ಮಾ, ವಿಡಿಯೋ ಅಲ್ಲಪಾ. ಬರೇ ಅಕ್ಷರ. ನೀನ ಓದಿ ನೋಡು" ಅಂದೆ.

ಅಂವನ ಕಂಪ್ಯೂಟರಿಗೆ ಫಿಲ್ಟರ್ ಇದ್ದಿಲ್ಲ. ತೆಗೆದಾ. ಬಂದದ್ದು ಹಗೇವಿನ ಬರಹ. ನೆಲದೊಳಗ ತೋಡಿ ಜ್ವಾಳ ತುಂಬಿ ಮುಚ್ಚಿ ಇಡೋ ಹಗೇವು, ಅಜ್ಜನ ಮನಿ ಅಂಗಳದಾಗ ಇದ್ದದ್ದು. ಅಂವ ನಿಂತಂವ ಕೂತು ಪೂರ್ತಿ ಓದಿದಾ. ಆಮ್ಯಾಲೆ, "ನಮ್ಮಜ್ಜಿ ಊರಲ್ಲೂ ಹಗೇವಿತ್ತು ಮೇಡಂ, ರಾಗಿ ತುಂಬ್ತಿದ್ರು. ನಾನು ನೋಡಿಲ್ಲ, ಕೇಳಿದೀನಿ" ಅಂದಾ.

ಮ್ಯಾನೇಜರರಿಗೆ ಒಂದು ಅರ್ಜಿ ಬರದು ಕೊಡ್ರಿ ಅಂತ ಅಂವನ ಹೇಳಿದಾ. ಬರದೆ: ವಯಸ್ಸಾದ ತಾಯಿ, ಮನ್ಯಾಗ ಇಂಟರ್ನೆಟ್ ಇಲ್ಲ, ಊಟದ ಹೊತ್ತಿನ್ಯಾಗ ಅಷ್ಟ. ಮ್ಯಾನೇಜರ್ ಒಮ್ಮೆ ನನ್ನ ಮಾರಿ ನೋಡಿ ಸಹಿ ಹಾಕಿದ್ರು. ಅಣ್ಣನ ವಿಳಾಸ ಒಂದಷ್ಟ, ಮಧ್ಯಾಹ್ನ ಒಂದರಿಂದ ಎರಡರ ತನಕ ತೆರೀತು. ನನ್ನ ಸಲುವಾಗಿ ಮಾಡಿದ್ದಲ್ಲ ಅಂತ ತೋರಿಸಲಿಕ್ಕೆ ಅಂವ ಉಳಿದ ನಾಲ್ಕು ಮಂದಿಗೂ ಕೇಳಿ ಅವರವರ ಒಂದೊಂದು ಪುಟಾನೂ ಸೇರಿಸಿದಾ.

ಮೂರು ತಿಂಗಳಿಗೆ ಯಂತ್ರಕ್ಕ ಹೊಸಾ ಆವೃತ್ತಿ ಹಾಕಿದ್ರು, ನಮ್ಮ ಸಣ್ಣ ಪಟ್ಟಿ ಅಳಿಸಿ ಹೋತು. ಆ ಹುಡುಗ ಅಷ್ಟರಾಗ ಬ್ಯಾರೆ ಕಂಪನಿಗೆ ಹೋಗಿದ್ದ. ಅಂವನ ಜಾಗಾಕ್ಕ ಬಂದಂವಗ ಕನ್ನಡ ಓದಲಿಕ್ಕೆ ಬರ್ತಿದ್ದಿಲ್ಲ. "ಮೇಡಂ, ಪಾಲಿಸಿ" ಅಂದಾ, ಅಷ್ಟ. ಮತ್ತ ಕೇಳಲಿಕ್ಕೆ ಮನಸ್ಸಾಗಲಿಲ್ಲ.

ಕಡೀಕೆ ದಾರಿ ತೋರಿಸಿದ್ದು ಅಣ್ಣನ. ಬ್ಲಾಗರ್ ಸೆಟ್ಟಿಂಗ್ ಒಳಗ ಒಂದು ಖಾನೆ ಇತ್ತು. ಅಲ್ಲೆ ಮೇಲ್ ವಿಳಾಸ ಹಾಕಿದ್ರ ಹೊಸಾ ಬರಹ ಹಾಕಿದ ಕೂಡಲೆ ಅದು ಮೇಲ್‌ನ್ಯಾಗ ಪೂರ್ತಿ ಬರ್ತಿತ್ತು. ಆಫೀಸಿಗೆ ಮೇಲ್ ಬ್ಯಾಡ ಅನ್ನಲಿಕ್ಕೆ ಬರೂದಿಲ್ಲ, ಅದ ಅದರ ಹೊಟ್ಟಿಪಾಡು. ಯಾವ ಕೀಲಿನೂ ಮುರೀಲಿಲ್ಲ, ಯಾವ ಕಳ್ಳ ಬಾಗಲದಿಂದಾನೂ ಹೋಗಲಿಲ್ಲ. ಅಣ್ಣ ತಂಗಿಗೆ ಕಾಗದ ಬರದಾ, ಅಷ್ಟ. ಬ್ಲಾಗು ಬರೋಕಿಂತ ಮದಲೂ ನಡಿಯೂದು ಅದ ಇತ್ತಲ್ಲಾ.

ಇವೆಲ್ಲಾ ಹಳೇ ಮಾತಾದ್ವು. ಗೂಗಲ್ ರೀಡರ್ 2013ರ ಜುಲೈ 1ಕ್ಕ ಬಾಗಲಾ ಹಾಕ್ಕೊಂತು. 2016ರಾಗ ಜಿಯೋ ಬಂದ ಮ್ಯಾಲೆ ಮಂದಿ ಆಫೀಸಿನ ಲೈನನ್ನ ಕೇಳೋದ ಬಿಟ್ರು, ಎಲ್ಲಾರ ಕಿಸೆದಾಗೂ ತಮ್ಮ ತಮ್ಮ ಲೈನು. ಆಫೀಸಿನ ಫಿಲ್ಟರ್ ಈಗಲೂ ಇರ್ತದ, ಯಾರೂ ಅದಕ್ಕ ಅರ್ಜಿ ಬರಿಯೂದಿಲ್ಲ. ಅದಕ್ಕ ಅದು ಯಾರನ್ನ ತಡೀತದ ಅಂತ ಯಾರಿಗೂ ಗೊತ್ತಾಗೂದಿಲ್ಲ.

ಅವ್ವ ಹೋಗಿ ಎಷ್ಟೋ ವರ್ಷ ಆತು. ಅಕಿ ಹಾಳಿಗಳನ್ನ ಒಂದು ಫೈಲಿನ್ಯಾಗ ತಾರೀಖಿನ ಪ್ರಕಾರ ಇಟ್ಟಿದ್ಲು. ಹೋದ ತಿಂಗಳು ಕಪಾಟು ಹಸನ ಮಾಡುವಾಗ ಸಿಕ್ತು. ಎಲ್ಲಾ ಪ್ರಿಂಟ್ ಮಾಡಿದ್ದ, ಬದಿಗೆ ಅಕಿ ಪೆನ್ಸಿಲ್ ಗೆರಿ. 2006ರ ಜುಲೈಕ್ಕ ಬಂದ್ರ ಒಂದು ವಾರ ಪ್ರಿಂಟ್ ಇಲ್ಲ. ಆ ಜಾಗದಾಗ ಹಾಲಿನ ಲೆಕ್ಕದ ವಹಿಯಿಂದ ಹರಿದ ಎರಡು ಹಾಳಿ ಟಾಚಣಿಲೆ ಚುಚ್ಚಿ ಇಟ್ಟಾಳ. ಅಕಿದ ಅಕ್ಷರ.

ಮಗಾ ಬರದದ್ದು ಬರಲಿಲ್ಲಂತ ತಾನ ಹಗೇವಿಂದು ಬರದಾಳ. ಬಾಯಿ ತೆಗದ ಕೂಡಲೆ ಯಾರೂ ಒಳಗ ಇಳೀಬಾರದು. ಒಂದು ಹೊತ್ತು ಹಂಗ ಬಿಡಬೇಕು. ಆಮ್ಯಾಲೆ ಕಂದೀಲು ಹಚ್ಚಿ ಹಗ್ಗಕ್ಕ ಕಟ್ಟಿ ಕೆಳಗ ಬಿಡಬೇಕು. ಕಂದೀಲು ಆರಿದ್ರ ಒಳಗ ಗಾಳಿ ಇಲ್ಲ, ಇಳಿದಂವ ಮ್ಯಾಲೆ ಬರೂದಿಲ್ಲ. ಕಂದೀಲು ಉರದ್ರ ಸಣ್ಣ ಹುಡುಗನ್ನ ಇಳಸ್ತಿದ್ರು, ಬಾಯಿ ಸಣ್ಣದಿರ್ತಿತ್ತು. ಹಂಗ ಇಳಿದವರ ಒಳಗ ತಮ್ಮ ಸಣ್ಣ ಅಣ್ಣನೂ ಒಬ್ಬ ಅಂತ ಬರದಾಳ. ಅಣ್ಣನ ಬರಹದಾಗ ಕಂದೀಲೂ ಇಲ್ಲ, ಆ ಮಾಮಾನೂ ಇಲ್ಲ. ಅಂವಗ ಗೊತ್ತ ಇದ್ದಿಲ್ಲ.

ಎರಡೂ ಹಾಳಿ ಫೋಟೋ ತೆಗೆದು ಅಣ್ಣಗ ಕಳಿಸೀನಿ. ಅಂವ ಇನ್ನೂ ಏನೂ ಅಂದಿಲ್ಲ.